ಮೇಲ್ಮಣ್ಣು

ನವೆಂಬರ್ ೧೯, ಸೋಮವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ನೀನು ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬ ನಿದ್ದೆ ಮಾಡುತ್ತಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ಇಲ್ಲಿ ನಾವಿಬ್ಬರೂ ಇದ್ದೇವೆ. 'ಚೆನ್ನಾಗಿದ್ದೇವೆ' ಎಂದು ಬರೆಯಲು ಹೋದೆ, ಪೆನ್ನು ಒಪ್ಪಲಿಲ್ಲ. ಇದ್ದೇವೆ, ಅಷ್ಟು ಸಾಕು. ನಿಮ್ಮಪ್ಪನ ಹೊಲಿಗೆ ಯಂತ್ರದ ಬೆಲ್ಟು ಮತ್ತೆ ಹರಿದಿದೆ. ಅವರ ಬಾಯಿ ಮಾತ್ರ ಯಾವ ಬೆಲ್ಟೂ ಇಲ್ಲದೆ ಓಡುತ್ತಿದೆ.

ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು ಅಂತೀಯ. ನಿನ್ನ ಫೋನಿನಲ್ಲಿ 'ಊಟ ಆಯ್ತಾ' ಎಂಬುದಕ್ಕಿಂತ ಉದ್ದದ ಮಾತು ಹಿಡಿಸುವುದಿಲ್ಲ, ಅಷ್ಟರಲ್ಲಿ ನಿನಗೆ ಮೀಟಿಂಗು ಬಂದುಬಿಡುತ್ತದೆ. ಅದೂ ಅಲ್ಲದೆ, ಫೋನಿನಲ್ಲಿ ನನ್ನ ದನಿ ಸ್ವಲ್ಪ ಏರಿದರೆ ನಿಮ್ಮಪ್ಪ "ಸಿಗ್ನಲ್ ಸರಿ ಇಲ್ಲ ಕಣೇ" ಎಂದು ಕಿತ್ತುಕೊಂಡು ಇಟ್ಟುಬಿಡುತ್ತಾರೆ. ಕಾಗದವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ನೀನು ಕೇಳಿದ ಪ್ರಶ್ನೆ ನೆನಪಿದೆ. "ಅಮ್ಮ, ನಮ್ಮ ಆಫೀಸಲ್ಲಿ ಎಲ್ಲರೂ ತಲೆ ಕೆಡಿಸ್ಕೊಂಡಿದ್ದಾರೆ. ತರಕಾರಿ ಬೆಳೆಯೋರಿಗೆ ಎಷ್ಟು ತರಬೇತಿ ಕೊಟ್ರೂ ಕೇಳ್ತಾರೆ, ತಲೆ ಆಡಿಸ್ತಾರೆ, ಮನೆಗೆ ಹೋಗಿ ಹಳೇ ಥರಾನೇ ಮಾಡ್ತಾರೆ. ಯಾಕೆ? ನೀನು ಬೆಳೆಯೋಳು, ನೀನೇ ಹೇಳು" ಅಂದೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮಾರಿಗಳು ಎಂದು ಹೇಳಿ ಮುಗಿಸೋಣ ಎಂದಿದ್ದೆ. ಈಗ ಉತ್ತರ ಸಿಕ್ಕಿದೆ. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ಬೇಡ. ನಿನ್ನ ಮಾವ, ನನ್ನ ಒಡಹುಟ್ಟಿದ ಅಣ್ಣ, ನಮ್ಮ ತರಕಾರಿ ತೋಟದ ಮಣ್ಣನ್ನು ಮಾರಿದ. ನೆಲವನ್ನಲ್ಲ, ಮಣ್ಣನ್ನು. ಮೇಲಿನ ಕಪ್ಪು ಪದರವನ್ನು ಕೆರೆದು, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗು ಎಂದು, ಚೀಲಕ್ಕೆ ಹಾಕಿ ಮಾರುವವನೊಬ್ಬನಿಗೆ ಕೊಟ್ಟಿದ್ದಾನೆ. ಪೇಟೆಯ ಮನೆಗಳವರು ಬಾಲ್ಕನಿಯ ಕುಂಡಗಳಿಗೆ ಅದನ್ನು ಕೊಳ್ಳುತ್ತಾರಂತೆ. ನಾಳೆಯಿಂದ ಕೆರೆಯುತ್ತಾರೆ. ಅಣ್ಣನನ್ನು 'ಮಾರಿದರು' ಎಂದು ಗೌರವ ಕೊಟ್ಟು ಬರೆಯಬೇಕು, ಇವತ್ತು ಕೈ ಬರುತ್ತಿಲ್ಲ. ನಿನಗೆ ಇದು ಇನ್ನೂ ಗೊತ್ತಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ.

ಆ ನೆಲ ಹೇಗಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು. ಚೌಳು ನೆಲ. ಬಿಸಿಲು ಬಿದ್ದರೆ ಮೇಲೆ ಉಪ್ಪಿನ ಹಾಗೆ ಬೆಳ್ಳಗೆ ಏಳುತ್ತಿತ್ತು, ಮಳೆ ಬಿದ್ದರೆ ನೀರು ಇಂಗದೆ ವಾರಗಟ್ಟಲೆ ನಿಲ್ಲುತ್ತಿತ್ತು. ಹುಲ್ಲು ಕೂಡ ಒಲ್ಲದ ಮನಸ್ಸಿನಿಂದ ಹುಟ್ಟುತ್ತಿತ್ತು. ತನ್ನ ಪಾಲಿಗೆ ಬಂದ ಮೇಲೂ ಅಣ್ಣ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ನಾನು ತರಕಾರಿ ಹಾಕಿಕೊಳ್ಳಲಾ ಎಂದು ಕೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸುಮ್ನೆ ಬಿದ್ದಿರೋದು ತಾನೆ, ಮಾಡ್ಕೋ ಹೋಗು. ಉಪ್ಪು ಬೆಳೆದ್ರೆ ನನಗೂ ಒಂದು ಹಿಡಿ ಕಳಿಸು" ಎಂದ.

ಆಗ ನೀನು ತೋಟಗಾರಿಕೆ ಓದುತ್ತಿದ್ದೆ. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ರಜೆಗೆ ಬಂದಾಗ ನನ್ನ ಮೇಲೆ ಪ್ರಯೋಗ ಮಾಡಿದೆ. ಸುತ್ತಲೂ ಬಸಿಗಾಲುವೆ ತೋಡಬೇಕು ಅಂದೆ, ನಾನು ತೋಡಿದೆ. ಜಿಪ್ಸಮ್ ಬೆರೆಸಿ ಮಳೆನೀರಿನಲ್ಲಿ ಉಪ್ಪು ತೊಳೆದು ಹೋಗಲಿ ಅಂದೆ, ಹಾಗೇ ಮಾಡಿದೆ. ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಇದ್ದ ಹಾಗೇ ಮಣ್ಣಿಗೆ ಮಗುಚಿ ಹಾಕಬೇಕು, ಅದೇ ಗೊಬ್ಬರ ಅಂದೆ. ಬಿತ್ತಿದ್ದನ್ನು ಕೊಯ್ಯದೆ ಹೂಳುವವಳನ್ನು ಈ ಊರು ಎಂದೂ ಕಂಡಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ನಾನು ಹೂಳಿದೆ, ಮರುವರ್ಷ ಮತ್ತೆ ಬಿತ್ತಿ ಮತ್ತೆ ಹೂಳಿದೆ. ಹಾಸ್ಟೆಲ್ ಅಡುಗೆಮನೆಯ ಸಿಪ್ಪೆ, ಚಹಾ ಅಂಗಡಿಯ ಚರಟ, ಬೇಕರಿಯವನು ಎಸೆಯುವ ಮೊಟ್ಟೆ ಚಿಪ್ಪು, ಎಲ್ಲವನ್ನೂ ಸೈಕಲ್ಲಿಗೆ ಬಕೆಟ್ ಕಟ್ಟಿ ತಂದು ಗುಂಡಿಯಲ್ಲಿ ಕೊಳೆಸಿದೆ. ನೀನೇ ಒಂದು ಸಲ ಮೂಗು ಮುಚ್ಚಿಕೊಂಡು, "ಅಮ್ಮ, ಬಸ್ಸಲ್ಲಿ ನನ್ನ ಪಕ್ಕ ಕೂತ್ಕೋಬೇಡ" ಅಂದಿದ್ದೆ. ನಾನು ಹಿಂದಿನ ಸೀಟಿನಲ್ಲಿ ಕೂತು ನಗುತ್ತಾ ಬಂದಿದ್ದೆ.

ನೀನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ, ಪುಟ್ಟಿ. ಏರುಮಡಿಯ ಮೇಲೆ ಟೊಮೇಟೊ ನನ್ನ ಎದೆಯೆತ್ತರಕ್ಕೆ ಬಂತು. ಬದನೆ, ಎಲೆಕೋಸು, ಮೂಲಂಗಿ, ಯಾವುದನ್ನು ಊರಿದರೂ ಬೇಡ ಅನ್ನಲಿಲ್ಲ. ಬೆಳಿಗ್ಗೆ ಕೈ ಹಾಕಿದರೆ ಆ ಮಣ್ಣು ಬೆಚ್ಚಗಿರುತ್ತಿತ್ತು. ನನಗೆ ನಿನ್ನ ಬಿಟ್ಟರೆ ಬೇರೆ ಮಕ್ಕಳಿಲ್ಲ, ಆದರೂ ಸಂಜೆ ತೋಟದ ಗೇಟು ಹಾಕಿ ಬರುವಾಗ ಒಂದು ಮಗುವನ್ನು ಮಲಗಿಸಿ ಬಂದ ಹಾಗೆ ಅನಿಸುತ್ತಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಪಕ್ಕದ ತುಂಡಿನಲ್ಲಿ ಸೊಪ್ಪು ಬೆಳೆಯುವ ನಾಳೆಯಮ್ಮ ನಿನಗೆ ಗೊತ್ತಲ್ಲ, ತರಬೇತಿಯಲ್ಲಿ ಏನೇ ಹೇಳಿದರೂ "ನಾಳೆ ಮಾಡ್ತೀನಿ" ಎಂದು ಎದ್ದು ಹೋಗುತ್ತಿದ್ದವಳು. ಆ ಹೆಸರನ್ನು ಇಟ್ಟವಳು ನೀನೇ. ಅವಳದ್ದೂ ನನ್ನ ಹಾಗೆ ಬೇರೆಯವರ ನೆಲ. ಗೊಬ್ಬರದ ಗುಂಡಿ ತೋಡು, ನಾನೇ ಬಂದು ತೋರಿಸಿಕೊಡುತ್ತೇನೆ ಎಂದು ನಾನು ಎಷ್ಟು ಸಲ ಅವಳ ಬೆನ್ನು ಬಿದ್ದಿದ್ದೆ! ಒಂದು ದಿನ ರೇಗಿ ಅಂದಳು: "ಬಾಡಿಗೆ ಮನೆಗೆ ಯಾರಾದ್ರೂ ಸುಣ್ಣ ಬಳೀತಾರೇನಮ್ಮ? ಬಳಿದ್ರೆ ಮನೆ ಚೆನ್ನಾಗಾಯ್ತು ಅಂತ ಬಾಡಿಗೆ ಏರಿಸ್ತಾರೆ, ಇಲ್ಲಾಂದ್ರೆ ಖಾಲಿ ಮಾಡು ಅಂತಾರೆ. ಈ ಸಲ ಸೊಪ್ಪು ಬಂತಾ, ಕಿತ್ಕೊಂಡೆ, ಮುಗೀತು." ಇವಳಿಗೆ ಮೈ ಬಗ್ಗುವುದಿಲ್ಲ, ಅದಕ್ಕೆ ಮಾತು ಕಲಿತಿದ್ದಾಳೆ ಎಂದುಕೊಂಡೆ. ಮನೆಗೆ ಬಂದು ನಿಮ್ಮಪ್ಪನ ಮುಂದೆ ಅವಳ ಹಾಗೇ ಮಾತಾಡಿ ತೋರಿಸಿ ನಗಿಸಿದೆ ಕೂಡ.

ಇನ್ನೊಬ್ಬ ಹೂಂಗುಟ್ಟಣ್ಣ, ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಅವನ ನೆಲ ಅವನದೇ, ಆದರೂ ಅವನು ಏನೂ ಮಾಡುವುದಿಲ್ಲ. ನೀವು ಕೊಟ್ಟ, ಹುಳ ಹಿಡಿಯುವ ಹಳದಿ ಅಂಟು ಹಾಳೆಗಳನ್ನು ರಸ್ತೆ ಪಕ್ಕದ ಸಾಲಿಗೆ ಮಾತ್ರ ಕಟ್ಟಿದ್ದಾನೆ. ಯಾಕಣ್ಣ ಒಳಗೆ ಕಟ್ಟಿಲ್ಲ ಎಂದರೆ, "ಹುಳ ಒಳಗೂ ಬರ್ತವೆ ತಾಯಿ, ಆಫೀಸಿನವರು ಬರಲ್ವಲ್ಲ" ಅಂದ. ಅವರು ಜೀಪಿನಿಂದ ಇಳಿಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ನಿಮ್ಮ ಲೆಕ್ಕದಲ್ಲಿ ಅವನು, ನೀವು ಹೇಳಿದ ಪದ್ಧತಿಯನ್ನೆಲ್ಲ ಅಳವಡಿಸಿಕೊಂಡ ರೈತ. ಅವನ ವಿಷಯ ಬಿಡು, ಅವನು ಸತ್ತಾಗಲೂ ಯಮನಿಗೆ ಹೂಂ ಅಂದು ಹೋಗದೆ ಇರುವ ಜಾತಿ.

ಆಮೇಲೆ ನಿನ್ನ ತೋಟಗಾರಿಕೆ ಆಫೀಸಿನ ಕ್ಷೇತ್ರೋತ್ಸವ ಬಂತು. ಅಕ್ಕಪಕ್ಕದ ಬೆಳೆಗಾರರನ್ನೆಲ್ಲ ಕರೆದು ನಮ್ಮ ತೋಟ ತೋರಿಸಬೇಕು ಎಂದು ನೀನು ಎಷ್ಟು ಓಡಾಡಿದೆ. ಬೋರ್ಡು ಬರೆಸಿಕೊಂಡು ಬಂದೆ. 'ಮಾದರಿ ತರಕಾರಿ ತೋಟ' ಎಂದು ದೊಡ್ಡದಾಗಿತ್ತು, ಕೆಳಗೆ 'ರೈತರು' ಎಂಬಲ್ಲಿ ನಿನ್ನ ಮಾವನ ಹೆಸರಿತ್ತು. ನಾನು ನಿನ್ನ ಮುಖ ನೋಡಿದೆ. "ನೆಲ ಯಾರ ಹೆಸರಲ್ಲಿದೆಯೋ ಅವರ ಹೆಸರೇ ಹಾಕ್ಬೇಕಮ್ಮ, ಆಫೀಸಿನ ಪದ್ಧತಿ. ನಿನ್ನ ಹೆಸರು ನಾನು ಮೈಕಲ್ಲಿ ಹೇಳ್ತೀನಲ್ಲ" ಅಂದೆ. ಹೇಳಿದೆ, ಸುಳ್ಳಾಡಬಾರದು. "ಎಂಥ ಕೆಟ್ಟ ನೆಲ ಕೊಡಿ, ನಮ್ಮಮ್ಮ ಅದನ್ನ ಬಂಗಾರ ಮಾಡ್ತಾಳೆ" ಎಂದು ನೀನು ಅಂದಾಗ ಶಾಮಿಯಾನದ ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆ ತೋಟಕ್ಕೆ ನಿನ್ನ ಮಾವ ಕಾಲಿಟ್ಟದ್ದು ಅವತ್ತೇ ಮೊದಲು. ಟೇಪು ಕತ್ತರಿಸಲು ನೀನೇ ಕರೆದಿದ್ದೆ. ಪರೀಕ್ಷೆ ಮಾಡಿಸಿದ ಮಣ್ಣಿನ ಗುಣವನ್ನು ನಿಮ್ಮ ಸಾಹೇಬರು ಬಿಡಿಸಿ ಬಿಡಿಸಿ ಹೇಳಿದರು. ಸುತ್ತಮುತ್ತ ಇಂಥ ಮಣ್ಣು ಇನ್ನೆಲ್ಲೂ ಇಲ್ಲ ಎಂದರು. ಎಲ್ಲರೂ ಗಿಡದಲ್ಲಿ ಕಾಯಿ ನೋಡುತ್ತಿದ್ದರು, ಅಣ್ಣ ಮಾತ್ರ ಕೆಳಗೆ ನೋಡುತ್ತಿದ್ದ. ಬಗ್ಗಿ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಪ್ಯಾಂಟಿಗೆ ಕೈ ಒರೆಸಿಕೊಂಡ. ತಂಗಿಯ ಬಗ್ಗೆ ಹೆಮ್ಮೆ ಪಡುತ್ತಿದ್ದಾನೆ ಎಂದುಕೊಂಡೆ, ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಬೇರೆಯವರ ನೆಲವನ್ನು ಒಳ್ಳೆಯದು ಮಾಡಿ, ಅದರ ಒಡೆಯನನ್ನು ಹಾರ ಹಾಕಿ ಕರೆದು, ಮೈಕು ಹಿಡಿದು ಅವನಿಗೇ ಅದರ ಗುಣ ವರ್ಣಿಸಿದವರು ನಾವಲ್ಲದೆ ಇನ್ನು ಯಾರಿದ್ದಾರು ಹೇಳು. ನಾಳೆಯಮ್ಮ ಅವತ್ತು ಬರಲೇ ಇಲ್ಲ. ನಾಳೆ ಬರ್ತೀನಿ ಅಂದಿದ್ದಳು.

ಹೋದ ವಾರ ಅಣ್ಣ ಚೀಲದವನನ್ನು ಕರೆದುಕೊಂಡು ಬಂದ. ನಾನು ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದೆ. ಚೀಲದವನು ಒಂದು ಹಾರೆಯನ್ನು ಅಲ್ಲಲ್ಲಿ ಚುಚ್ಚಿ, ಎಷ್ಟು ಆಳದವರೆಗೆ ಕಪ್ಪಗಿದೆ ಎಂದು ನೋಡುತ್ತಾ ಹೋದ. ದನದ ವ್ಯಾಪಾರಿ ಹಲ್ಲು ಹಿಡಿದು ನೋಡುತ್ತಾನಲ್ಲ, ಹಾಗೆ. ವಿಷಯ ಏನೆಂದು ಗೊತ್ತಾಗಲು ನನಗೆ ತುಂಬಾ ಹೊತ್ತು ಹಿಡಿಯಿತು.

"ಅಣ್ಣ, ಈ ಮಣ್ಣು ನಂದು" ಎಂದೆ.

"ನೆಲ ಯಾರದು?"

"ನಿಂದು."

"ಮಣ್ಣು ಎಲ್ಲಿದೆ?"

"ನೆಲದ ಮೇಲೆ."

"ಮತ್ತೆ?" ಎಂದು ಚೀಲದವನ ಕಡೆ ನೋಡಿ ನಕ್ಕ. ಚೀಲದವನಿಗೆ ಪಾಪ, ನಗಲು ನಾಚಿಕೆಯಾಯಿತು. ನಾನು ಬಿಡಲಿಲ್ಲ. ನೀನು ಕೊಟ್ಟಾಗ ಇದು ಹೀಗಿತ್ತಾ, ಸಿಪ್ಪೆ ಹೊತ್ತವಳು ಯಾರು, ಸೆಣಬು ಹೂತವಳು ಯಾರು ಎಂದು ಕೇಳಿದೆ. ಅದಕ್ಕೆ ಅವನು ತುಂಬಾ ಸಮಾಧಾನದಿಂದ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ: "ನೆಲ ಎಲ್ಲಿಗೂ ಹೋಗಲ್ಲ ಕಣೇ. ಮೇಲಿಂದು ಅಷ್ಟೇ ತೆಗೆಯೋದು. ಆಮೇಲೆ ನೀನೇ ಮಾಡ್ಕೋ, ಯಾರು ಬೇಡ ಅಂದ್ರು? ಹೇಗೆ ಮಾಡೋದು ಅಂತ ಈಗ ನಿನಗೆ ಗೊತ್ತಲ್ಲ. ಇನ್ನೊಂದ್ಸಲ ಮಾಡು."

ಇನ್ನೊಂದು ಸಲ ಮಾಡು. ಪಾತ್ರೆ ತೊಳೆ ಎಂದ ಹಾಗೆ. ಮೇಲಿನದು ತೆಗೆದರೆ ಕೆಳಗೆ ಉಳಿಯುವುದು ಅದೇ ಬಿಳಿ ಚೌಳು ಎಂದು ಅವನಿಗೂ ಗೊತ್ತು. ಒಪ್ಪಿದೆ, ಮಾಡಿದೆ ಎಂದಿಟ್ಟುಕೋ. ಆ ಮಣ್ಣು ಕಪ್ಪಾಗುವ ಹೊತ್ತಿಗೆ ಅವನು ಮತ್ತೆ ಹಾರೆ ಹಿಡಿದು ಬರುತ್ತಾನೆ. ನಾನು ತರಕಾರಿಯವಳಲ್ಲ, ಅವನಿಗೆ ಮಣ್ಣು ಹೆರುವ ಎಮ್ಮೆ. ನಾನು ಕೈಯಲ್ಲಿದ್ದ ಕೋಲನ್ನು ಎತ್ತಿದ್ದೆ. ಅಷ್ಟರಲ್ಲಿ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಕೇಳಿದ ಮೇಲೆ ನಾನು ಜಗಳ ನಿಲ್ಲಿಸಿದೆ. ಆ ಮಾತು ಆಮೇಲೆ ಬರೆಯುತ್ತೇನೆ.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು, ಪೋಣಿಸುತ್ತಲೇ ಇದ್ದರು. ಕೊನೆಗೆ, "ನಾನು ಇಷ್ಟು ವರ್ಷ ಬೇರೆಯವರ ಬಟ್ಟೆ ಹೊಲಿದಿದ್ದೀನಿ ಕಣೇ. ಚೆನ್ನಾಗಿ ಹೊಲಿದೆ ಅಂತ ಅಂಗಿ ನಂದು ಅಂದಿದ್ದೀನಾ?" ಎಂದರು.

"ನಿಮಗೆ ಹೊಲಿಗೆ ಕೂಲಿಯಾದ್ರೂ ಕೊಡ್ತಾರೆ" ಎಂದೆ. ಅವರು ಎದ್ದು ಹೋಗಿ ತಾವೇ ಚಹಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು, ನಾನು ಹಾಗೇ ಕುಡಿದೆ.

ಬೆಳಕು ಇಳಿಯುತ್ತಿದೆ. ಉಳಿದದ್ದು ನಾಳೆ ಬರೆಯುತ್ತೇನೆ. ಇರುವ ಕಾಯಿಯನ್ನಾದರೂ ಕಿತ್ತುಕೊಳ್ಳಬೇಕು.

ಬುಧವಾರ ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಟ್ರ್ಯಾಕ್ಟರು ಬೆಳಿಗ್ಗೆಯೇ ಬಂತು. ರಸ್ತೆಯ ಕಡೆಯಿಂದ ಶುರು ಮಾಡಿದರು, ಅಲ್ಲಿ ನಿನ್ನ ಬೋರ್ಡು ಅಡ್ಡ ಇತ್ತು. ಅದನ್ನು ಮಾತ್ರ ಬಹಳ ಜೋಪಾನವಾಗಿ ಕಿತ್ತು ಗೋಡೆಗೆ ಒರಗಿಸಿದರು, ಸರ್ಕಾರಿ ಬೋರ್ಡು ನೋಡು, ಮುರಿದರೆ ಕೇಸಾಗುತ್ತದೆ. ಆಮೇಲೆ ಟೊಮೇಟೊ ಸಾಲಿನ ಮೇಲೆ ಟ್ರ್ಯಾಕ್ಟರಿನ ಕೆರೆಯುವ ಹಲಗೆ ಇಳಿಸಿದರು. ಹಣ್ಣನ್ನು ನಾನು ಕಿತ್ತುಕೊಂಡಿದ್ದೆ, ಹಸಿರು ಕಾಯಿ ಗಿಡದಲ್ಲೇ ಇತ್ತು. ಗಿಡ, ಕಾಯಿ, ಕೋಲು, ಹನಿ ನೀರಿನ ಪೈಪು ಎಲ್ಲವೂ ಒಟ್ಟಿಗೆ ಮಗುಚಿಕೊಂಡವು.

ನಾಳೆಯಮ್ಮ ಬಂದು ನನ್ನ ಪಕ್ಕದಲ್ಲಿ ಬದುವಿನ ಮೇಲೆ ಕೂತಳು. 'ನಾನು ಹೇಳಿರಲಿಲ್ವಾ' ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅಂದಿದ್ದರೆ ನನಗೆ ಒಂದು ಜಗಳವಾದರೂ ಸಿಗುತ್ತಿತ್ತು. ಟ್ರ್ಯಾಕ್ಟರನ್ನೇ ನೋಡುತ್ತಾ, "ನಂಗೂ ಆಸೆ ಇತ್ತು ಕಣಮ್ಮ. ನಿನ್ನ ಗುಂಡಿ ನೋಡಿ ನೋಡಿ ಒಂದ್ಸಲ ಗುದ್ದಲಿ ತಗೊಂಡು ಹೊರಟಿದ್ದೆ" ಅಂದಳು. "ಮತ್ತೆ ಯಾಕೆ ತೋಡ್ಲಿಲ್ಲ?" ಎಂದೆ. "ಆಸೆ ಆಯ್ತಲ್ಲ, ಅದಕ್ಕೇ ಭಯ ಆಯ್ತು" ಅಂದಳು.

ಹೋಗಿ ನಿಮ್ಮ ಮೀಟಿಂಗಿನಲ್ಲಿ ಇದನ್ನು ಹೇಳು. ನಿಮ್ಮವರು ಪ್ರತಿ ಸಲವೂ 'ಅರಿವಿನ ಕೊರತೆ' ಎಂದು ಬರೆದುಕೊಂಡು ಹೋಗುತ್ತಾರಲ್ಲ, ಅದನ್ನು ಹೊಡೆದು ಹಾಕಲು ಹೇಳು. ನಾಳೆಯಮ್ಮನಿಗೆ ಅರಿವು ನಿಮ್ಮೆಲ್ಲರಿಗಿಂತ ಒಂದು ಸೇರು ಹೆಚ್ಚೇ ಇದೆ. ಒಂದು ಬೆಳೆಗೆ ಬೇಕಾದಷ್ಟನ್ನು ಯಾರಾದರೂ ಮಾಡುತ್ತಾರೆ. ಮಣ್ಣು ಕಟ್ಟುವ ಕೆಲಸಕ್ಕೆ ನಾಳೆಯೂ ಈ ಜಾಗದಲ್ಲಿ ನಾನೇ ಇರುತ್ತೇನೆ ಎಂಬ ಧೈರ್ಯ ಬೇಕು. ಅದನ್ನು ಕೊಡುವ ತರಬೇತಿ ನಿಮ್ಮ ಹತ್ತಿರ ಇದ್ದರೆ ನಾನೇ ಮೊದಲ ಸಾಲಿನಲ್ಲಿ ಬಂದು ಕೂರುತ್ತೇನೆ.

ನಿನ್ನ ಊರಿನ ಬಸ್ಸಿಗೆ ಒಂದು ಚೀಲ ಹಾಕಿದ್ದೇನೆ. ಕಂಡಕ್ಟರಿಗೆ ಹೇಳಿದ್ದೇನೆ, ಹೋಗಿ ಇಳಿಸಿಕೋ. ಟೊಮೇಟೊ ಮೇಲಿದೆ, ಒತ್ತಬೇಡ. ಕೆಳಗೆ ಬದನೆಯೂ ಎಲೆಕೋಸೂ ಇವೆ. ಒಬ್ಬಳೇ ತಿನ್ನಲಾಗದಿದ್ದರೆ ಪಕ್ಕದ ಮನೆಗೆ ಕೊಡು, ಕೊಳೆಸಬೇಡ. ಮತ್ತೆ, ನಿಮ್ಮ ಪೇಟೆಯ ಅಂಗಡಿಯಲ್ಲಿ ಎಲ್ಲಾದರೂ ಚೀಲದ ಮಣ್ಣು ಮಾರುತ್ತಿದ್ದರೆ ಒಂದು ಸಲ ಕೈ ಹಾಕಿ ನೋಡು. ಮೊಟ್ಟೆ ಚಿಪ್ಪಿನ ಚೂರು ಬೇಗ ಕರಗುವುದಿಲ್ಲ. ಬೆರಳಿಗೆ ಬೆಳ್ಳಗೆ ಚುಚ್ಚಿದರೆ ಅದು ನಮ್ಮದು.

ಬೋರ್ಡನ್ನು ನಿಮ್ಮಪ್ಪ ಮನೆಗೆ ತಂದಿದ್ದಾರೆ. ತಗಡು ಗಟ್ಟಿ ಇದೆ, ಬಚ್ಚಲಿನ ಬಾಗಿಲಿಗೆ ಹೊಡೆಯೋಣ ಅನ್ನುತ್ತಾರೆ. ಅಕ್ಷರ ಒಳಗಡೆಗೋ ಹೊರಗಡೆಗೋ ಎಂದು ಇನ್ನೂ ತೀರ್ಮಾನವಾಗಿಲ್ಲ.

ಮೈ ಕಡೆ ಗಮನವಿರಲಿ. ಬಿಸಿಲಲ್ಲಿ ಊರೂರು ತಿರುಗುವವಳು, ತಲೆಗೆ ಬಟ್ಟೆ ಕಟ್ಟಿಕೋ, ಹಸಿದ ಹೊಟ್ಟೆಯಲ್ಲಿ ಹೊರಡಬೇಡ. ನಿನ್ನ ಕೆಲಸದಲ್ಲಿ ನಿನಗೆ ಒಳ್ಳೆಯ ಹೆಸರು ಬರಲಿ, ನಾಲ್ಕು ಜನ ನಿನ್ನ ಮಾತು ಕೇಳಿ ಮೇಲೆ ಬರಲಿ. ನಿನ್ನ ಮೇಲಿನ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿಲ್ಲ, ಮನಸ್ಸಿನಿಂದಲೇ ಹರಸುತ್ತಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದೊಂದನ್ನು ಕೇಳಲಿಕ್ಕೇ ಕಾಗದ ಹಿಡಿದದ್ದು, ಉಳಿದದ್ದೆಲ್ಲ ಧೈರ್ಯ ಬರುವವರೆಗೆ ಗೀಚಿದ್ದು. ಅವತ್ತು ನಾನು ಕೋಲೆತ್ತಿದಾಗ ಅಣ್ಣ ಅಂದ ಮಾತು ಇದು: "ನಾನೇನು ಕದ್ದು ಮಾಡ್ತಿಲ್ಲ. ಮೊದಲು ನಿನ್ನ ಮಗಳಿಗೇ ಫೋನ್ ಮಾಡಿ ಕೇಳ್ದೆ. 'ತೆಕ್ಕೊಳ್ಳಿ ಮಾವ, ಪರವಾಗಿಲ್ಲ, ಅಮ್ಮ ಮತ್ತೆ ಮಾಡ್ತಾಳೆ ಬಿಡಿ' ಅಂದ್ಲು." ನಗುತ್ತಾ ಹೇಳಿದೆಯಂತೆ. ನೀನು ಮೀಟಿಂಗಿನ ಗಡಿಬಿಡಿಯಲ್ಲಿದ್ದಿರಬಹುದು, ಅವನು ಕೇಳಿದ್ದು ಏನೆಂದು ಸರಿಯಾಗಿ ತಿಳಿದಿರಲಿಕ್ಕಿಲ್ಲ, ಅಥವಾ ಮೈಕಿನಲ್ಲಿ ಹೇಳಿದ ಹಾಗೆ ನನ್ನ ಮೇಲಿನ ಹೆಮ್ಮೆಯಲ್ಲೇ ಅಂದಿರಬಹುದು. ಎಲ್ಲವನ್ನೂ ನಾನೇ ಯೋಚಿಸಿ ನಿನ್ನ ಪರವಾಗಿ ನಾನೇ ವಾದಿಸಿ ಸಾಕಾಯಿತು. ಫೋನ್ ಮಾಡಬೇಡ, ದನಿ ಕೇಳಿದರೆ ನನಗೆ ಗೊತ್ತಾಗಿಬಿಡುತ್ತದೆ. ಮಾವ ಹೇಳಿದ್ದು ಸುಳ್ಳು ಎಂದು ಒಂದೇ ಒಂದು ಸಾಲು ಬರೆದು ಹಾಕು. ನಿಜವಾಗಿದ್ದರೂ ಹಾಗೇ ಬರೆ, ನಂಬುತ್ತೇನೆ. ನೀನು ಹೇಳಿದ ಯಾವ ಮಾತನ್ನು ನಾನು ಇಲ್ಲಿಯವರೆಗೆ ನಂಬದೆ ಬಿಟ್ಟಿದ್ದೇನೆ?